ಮುಲಾಂಜೆ ತಪ್ಪಲಿನ ಗಂಜಿಮನೆ

ಏಳೂವರೆಗೆ ಶಾಲೆ. ಅದಕ್ಕೆ ಮೊದಲು ಮಕ್ಕಳ ಹೊಟ್ಟೆಗೆ ಗಂಜಿ ಬೀಳಬೇಕಾದರೆ ನಾಲ್ಕೂವರೆಗೇ ಒಲೆ ಹೊತ್ತಬೇಕು. ದಕ್ಷಿಣ ಮಲಾವಿಯ ಮುಲಾಂಜೆ ಬೆಟ್ಟದ ತಪ್ಪಲಲ್ಲಿ ಒಂದು ಹಳ್ಳಿಶಾಲೆ. ಅದರ ಗಂಜಿಮನೆಗೆ ಒಂದು ದಿನದ ಸ್ವಯಂಸೇವಕಳಾಗಿ ನಾನು ಕಾಲಿಟ್ಟಾಗ ಇನ್ನೂ ಕತ್ತಲು. ಐದಾರು ಹೆಂಗಸರು ಆಗಲೇ ಕೈಪಂಪಿನಿಂದ ನೀರು ಹೊತ್ತು ತಂದು ಹಂಡೆ ತುಂಬಿಸಿದ್ದರು. ಸೊಂಟಕ್ಕೆ ಬಣ್ಣದ ಚಿತೆಂಜೆ ಬಟ್ಟೆ ಬಿಗಿದುಕೊಂಡ ಒಬ್ಬ ಅಜ್ಜಿ ಒಲೆಯ ಮುಂದೆ ನಿಂತು, ಸೌದೆಯನ್ನು ಒಂದೊಂದೇ ಒಳಗೆ ತಳ್ಳುತ್ತಿದ್ದರು.

ಎಲ್ಲರೂ ಅವರನ್ನು ಅಗೊಗೊ ಎನ್ನುತ್ತಾರೆ. ಚಿಚೆವ ಭಾಷೆಯಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಅವರ ಕೈಯಲ್ಲಿದ್ದ ಮರದ ಹುಟ್ಟು ಎದೆಯೆತ್ತರದ್ದು. ನಮ್ಮ ಮುದ್ದೆ ಕೋಲನ್ನೇ ನಾಲ್ಕು ಪಟ್ಟು ದೊಡ್ಡದು ಮಾಡಿದಂತಿತ್ತು. ಜೋಳ, ಸೋಯಾ ಹಿಟ್ಟಿಗೆ ಸಕ್ಕರೆ, ವಿಟಮಿನ್ ಮತ್ತು ಖನಿಜಾಂಶ ಬೆರೆಸಿದ ಪುಡಿಯೇ ಇಲ್ಲಿನ ಗಂಜಿಗೆ ಮೂಲ. ಹೆಸರು ಲಿಕುನಿ ಫಾಲ. ಇಲ್ಲಿ ಜೋಳವೆಂದರೆ ಮುಸುಕಿನ ಜೋಳ. ಪುಡಿಯನ್ನು ಮೊದಲು ತಣ್ಣೀರಲ್ಲಿ ಕಲಸಿ, ಆಮೇಲೆ ಕುದಿಯುವ ನೀರಿಗೆ ಸುರಿಯುತ್ತಾರೆ. ಸುರಿದ ಕ್ಷಣದಿಂದ ಕೈ ನಿಲ್ಲಿಸುವಂತಿಲ್ಲ. ಗಂಟು ಕಟ್ಟಿದರೆ ಒಳಗೆ ಹಿಟ್ಟು ಹಸಿಯೇ ಉಳಿಯುತ್ತದೆ, ತಳ ಹಿಡಿದರೆ ಹಂಡೆಯಷ್ಟೂ ಸೀದ ವಾಸನೆ. ಅಗೊಗೊ ಹೊಗೆಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಹುಟ್ಟು ಹಿಡಿದು, ತಳದಿಂದ ಮೇಲಕ್ಕೆ ಎಳೆದೆಳೆದು ತಿರುವುತ್ತಿದ್ದರು. ನಡುವೆ ಎರಡು ಬಾರಿ ಹುಟ್ಟನ್ನು ಎತ್ತಿ, ಗಂಜಿ ಇಳಿಯುವ ಧಾರೆ ನೋಡಿದರು. ಮೂರನೆಯ ಬಾರಿ ನೋಡಿ ತಲೆಯಾಡಿಸಿದ ಮೇಲೆಯೇ ಉಳಿದವರು ಸೌದೆ ಹೊರಗೆಳೆದದ್ದು.

ನನ್ನ ಪಾಲಿಗೆ ಬಂದದ್ದು ನೀರು ಹೊರುವುದು, ಲೋಟ ತೊಳೆಯುವುದು. ಆರೂವರೆಗೆಲ್ಲ ಮಕ್ಕಳು ಪ್ಲಾಸ್ಟಿಕ್ ಲೋಟ ಹಿಡಿದು ಸಾಲು ನಿಂತರು, ಚಿಕ್ಕವರು ಮುಂದೆ. ಕೆಲವರು ಬೆನ್ನಿಗೆ ತಮ್ಮನನ್ನೋ ತಂಗಿಯನ್ನೋ ಕಟ್ಟಿಕೊಂಡು ಬಂದಿದ್ದರು. ಒಬ್ಬಳು ಹುಡುಗಿ ಅರ್ಧ ಕುಡಿದು, ಉಳಿದರ್ಧವನ್ನು ಬೆನ್ನ ಮೇಲಿನ ಮಗುವಿಗೆ ಬೆರಳಿನಿಂದ ತಿನ್ನಿಸಿದಳು. ಅಗೊಗೊ ಅದನ್ನು ನೋಡಿ, ಏನೂ ಕೇಳದೆ, ಇನ್ನೊಂದು ಸೌಟು ಹಾಕಿದರು.

ಈ ಗಂಜಿಯ ಹಿಂದಿರುವುದು ಮೇರೀಸ್ ಮೀಲ್ಸ್ ಎಂಬ ಸಂಸ್ಥೆ. ಹೆಸರಿನಲ್ಲಿರುವ ಮೇರಿ ಏಸುವಿನ ತಾಯಿ. ಸ್ಕಾಟ್ಲೆಂಡಿನ ಡಾಲ್ಮಾಲಿ ಎಂಬ ಹಳ್ಳಿಯ ಮ್ಯಾಗ್ನಸ್ ಮ್ಯಾಕ್‌ಫಾರ್ಲೇನ್-ಬ್ಯಾರೋ ಮೀನು ಸಾಕಣೆಯ ಕೆಲಸದಲ್ಲಿದ್ದವರು. 1992ರಲ್ಲಿ ಬೋಸ್ನಿಯಾ ಯುದ್ಧದ ಸುದ್ದಿ ಕಾಡಿ, ಅಲ್ಲಿನ ಸಂತ್ರಸ್ತರಿಗೆ ಸೋದರನೊಡನೆ ಕಂಬಳಿ, ಆಹಾರ ಒಯ್ದರು. ಮನೆಯ ಪಕ್ಕದ ತಗಡಿನ ಶೆಡ್ಡೇ ಗೋದಾಮಾಯಿತು. ಹತ್ತು ವರ್ಷದ ನಂತರ, 2002ರ ಬರಗಾಲದಲ್ಲಿ, ಮಲಾವಿಯ ಗುಡಿಸಲೊಂದರಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ತಾಯಿಯ ಪಕ್ಕ ಕೂತಿದ್ದ ಹದಿನಾಲ್ಕರ ಹುಡುಗನನ್ನು, ನಿನಗೇನು ಆಸೆ ಎಂದು ಕೇಳಿದರಂತೆ. ಹೊಟ್ಟೆ ತುಂಬ ಊಟ, ಎಂದಾದರೊಂದು ದಿನ ಶಾಲೆ ಎಂದ ಹುಡುಗ. ಆ ವರ್ಷ 200 ಮಕ್ಕಳಿಂದ ಶುರುವಾದ ಊಟ ಇಂದು ಹಲವು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ತಲುಪುತ್ತಿದೆ. ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ನಮ್ಮ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಶುರುವಾದದ್ದೂ ಅದೇ 2002ರಲ್ಲಿ.

ಆ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಹೆಂಗಸರು ಕಣ್ಮುಚ್ಚಿ ಪ್ರಾರ್ಥಿಸಿದರು. ಆದರೆ ಸಾಲಿನಲ್ಲಿ ನಿಂತವರ ಧರ್ಮವನ್ನು ಯಾರೂ ಕೇಳಲಿಲ್ಲ. ತಲೆಗೆ ಬಟ್ಟೆ ಸುತ್ತಿದ ಮುಸ್ಲಿಂ ಹುಡುಗಿಯರೂ ಅಲ್ಲಿದ್ದರು. ಶಾಲೆಗೆ ಬರಬೇಕು ಎಂಬುದಷ್ಟೇ ಷರತ್ತು. ಅದಕ್ಕೆ ಕಾರಣವಿದೆ. 1994ರಲ್ಲಿ ಮಲಾವಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮಾಡಿದಾಗ ಲಕ್ಷಗಟ್ಟಲೆ ಮಕ್ಕಳು ಬಂದು ಸೇರಿದರು. ಆದರೆ ಹಸಿವು ಅವರನ್ನು ಮತ್ತೆ ಹೊಲಕ್ಕೆ, ಕೂಲಿಗೆ ಎಳೆಯುತ್ತಲೇ ಇತ್ತು. ನವೆಂಬರಿನಲ್ಲಿ ಬಿತ್ತಿದ ಜೋಳ ಕೈಗೆ ಬರುವುದು ಏಪ್ರಿಲ್ ಹೊತ್ತಿಗೆ. ಜನವರಿಯಿಂದ ಮಾರ್ಚ್‌ವರೆಗೆ ಕಣಜ ಬರಿದು. ಆ ತಿಂಗಳುಗಳಲ್ಲಿ ಅನೇಕ ಮಕ್ಕಳಿಗೆ ದಿನದ ಹೊಟ್ಟೆ ತುಂಬುವ ಆಹಾರ ಈ ಒಂದು ಲೋಟವೇ.

ಲೋಟಗಳನ್ನು ಬಿಸಿಲಿಗೆ ಬೋರಲು ಹಾಕಿದ ಮೇಲೆ ಅಗೊಗೊ ಜೊತೆ ಕೂತೆ. ಶಾಲೆಯ ಮೇಷ್ಟ್ರೊಬ್ಬರು ಮಾತು ದಾಟಿಸಿದರು. ಮಗಳು ತೀರಿಕೊಂಡಿದ್ದಾಳೆ, ದಕ್ಷಿಣ ಆಫ್ರಿಕಾಕ್ಕೆ ದುಡಿಯಲು ಹೋದ ಅಳಿಯನಿಂದ ಸುದ್ದಿಯಿಲ್ಲ. ಮೂವರು ಮೊಮ್ಮಕ್ಕಳೂ ಇದೇ ಶಾಲೆಯಲ್ಲಿ. ಅಡುಗೆಯ ಸರದಿ ಬಂದ ದಿನ ಅವರ ಕೂಲಿ ತಪ್ಪುತ್ತದೆ. ಹಾಗಾದರೆ ಏಕೆ ಬರುತ್ತೀರಿ ಎಂದೆ. ಬೇರೆಯವರ ಸರದಿಯ ದಿನ ನನ್ನ ಮಕ್ಕಳಿಗೆ ಅವರು ಬೇಯಿಸುತ್ತಾರಲ್ಲ ಎಂದರು.

ಊರಿನವರು ಅಡುಗೆಗೆ ಒಪ್ಪಿಕೊಂಡರೆ ಮಾತ್ರ ಸಂಸ್ಥೆ ಶಾಲೆಗೆ ಬರುತ್ತದೆ. ಊಟ ಊರಿನದೇ ಆಗಬೇಕೆಂಬ ಆ ಆಲೋಚನೆ ಸರಿಯಾದದ್ದು. ಇಷ್ಟು ವರ್ಷ ಒಲೆ ಆರದಿರಲು ಅದೇ ಕಾರಣ. ಒಂದು ಮಗುವಿಗೆ ಒಂದು ಶಾಲಾ ವರ್ಷದ ಊಟಕ್ಕೆ ಸಂಸ್ಥೆ ಈಚಿನ ವರ್ಷಗಳಲ್ಲಿ ಹೇಳುತ್ತ ಬಂದ ಮೊತ್ತ 19.15 ಪೌಂಡ್, ನಮ್ಮ ಎರಡು ಸಾವಿರ ರೂಪಾಯಿಯ ಆಸುಪಾಸು. ಅದು ಅಷ್ಟು ಕಡಿಮೆ ಇರಲು ಅಗೊಗೊರಂಥ ಹತ್ತಾರು ಸಾವಿರ ಹೆಂಗಸರ ಸಂಬಳವಿಲ್ಲದ ಬೆಳಗುಗಳೂ ಕಾರಣ. 2023ರ ನವೆಂಬರಿನಲ್ಲಿ ಮಲಾವಿಯ ಕೇಂದ್ರ ಬ್ಯಾಂಕ್ ಅಲ್ಲಿನ ಹಣವಾದ ಕ್ವಾಚಾದ ಬೆಲೆ ಇಳಿಸಿ, ಒಂದು ಡಾಲರಿಗೆ ಕೊಡಬೇಕಾದ ಕ್ವಾಚಾ ಶೇ 44ರಷ್ಟು ಏರಿದ ಮೇಲಂತೂ ಒಂದು ದಿನದ ಕೂಲಿ ಬಿಡುವುದು ಸಣ್ಣ ಮಾತಲ್ಲ. ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ನಮ್ಮ ಬಿಸಿಯೂಟದ ಅಕ್ಕಂದಿರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಸಂಸ್ಥೆಗಳಿಗೆ ಹಣ ಕಳಿಸುವ ಓದುಗರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಕಳಿಸುತ್ತಲೇ ಇರಿ. ಜೊತೆಗೆ, ಬೇಯಿಸುವವರಿಗೆ ಏನು ಸಿಗುತ್ತದೆ ಎಂದೂ ಒಂದು ಮಾತು ಬರೆದು ಕೇಳಿ.