ಕಾರಿನಡಿ ತೊಟ್ಟಿಕ್ಕುವುದು ಬರೀ ನೀರೇ?

ರಾತ್ರಿ ನಿಲ್ಲಿಸಿದ ಕಾರಿನಡಿ ಬೆಳಗ್ಗೆ ಒದ್ದೆ ಕಂಡರೆ ಗಾಬರಿ ಬೇಡ, ಕಡೆಗಣಿಸಲೂ ಬೇಡಿ. ಅಡಿಗೊಂದು ರಟ್ಟಿನ ತುಂಡು ಇಟ್ಟು ಬಣ್ಣ, ಜಾಗ ಗಮನಿಸಿ.

ಎಸಿ ಹಾಕಿದ ಮೇಲೆ ಬೀಳುವ ಬಣ್ಣ, ವಾಸನೆಯಿಲ್ಲದ ನೀರು ಸಹಜ. ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಾಸರಗೋಡು, ಮಂಗಳೂರು ಕಡೆ ಇದು ಹೆಚ್ಚು. ಎಂಜಿನ್ ಕೆಳಗಿನ ಕಂದು-ಕಪ್ಪು ಜಿಡ್ಡು ಎಂಜಿನ್ ಆಯಿಲ್; ಡಿಪ್‌ಸ್ಟಿಕ್ ತೆಗೆದು ಮಟ್ಟ ನೋಡಿ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣವಿದ್ದರೆ ಕೂಲಂಟ್. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕೈ, ಮುಖ ಸುಟ್ಟೀತು.

ಹೆಚ್ಚು ಅಪಾಯ ಬ್ರೇಕ್ ಆಯಿಲ್ ಸೋರಿದಾಗ. ಚಕ್ರದ ಒಳಬದಿ ಒದ್ದೆಯಾಗಿ, ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ ‘ಗ್ಯಾರೇಜ್ ತನಕ ಹೇಗಾದ್ರೂ ಹೋಗುವ’ ಎನ್ನಬೇಡಿ. ಮೆಕ್ಯಾನಿಕ್ ಅವರನ್ನೇ ಕರೆಸಿ. ಪೆಟ್ರೋಲ್ ವಾಸನೆ ಬಂದರೂ ಅಷ್ಟೇ, ಗಾಡಿ ಸ್ಟಾರ್ಟ್ ಮಾಡಲೇಬೇಡಿ.