ಲುಸಿಕಿಸಿಕಿಯ ಕಡತ ಹೇಳಿದ್ದು

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಲುಸಿಕಿಸಿಕಿ ಗುಡ್ಡಗಳ ಮೇಲೆ ಚದುರಿದ ಹಳ್ಳಿಗಳ ಸೀಮೆ. ವರ್ಣಭೇದದ ಆಡಳಿತ ಈ ಭಾಗವನ್ನು ಟ್ರಾನ್ಸ್‌ಕೈ ಎಂದು ಬೇರ್ಪಡಿಸಿ ಕಡೆಗಣಿಸಿತ್ತು. ಸುಮಾರು ಒಂದೂವರೆ ಲಕ್ಷ ಜನರಿಗೆ ಇದ್ದದ್ದು ಒಂದು ಆಸ್ಪತ್ರೆ, 12 ಸಣ್ಣ ಚಿಕಿತ್ಸಾಲಯಗಳು, ಬೆರಳೆಣಿಕೆಯ ವೈದ್ಯರು. ಏಡ್ಸ್‌ ಊರೂರನ್ನು ಹಿಂಡುತ್ತಿದ್ದ 2003ರಲ್ಲಿ ಮೆಡಿಸಾಂ ಸಾನ್ ಫ್ರಾಂಟಿಯೇರ್ ಎಂಬ ಅಂತರರಾಷ್ಟ್ರೀಯ ಸೇವಾಸಂಸ್ಥೆ ಅಲ್ಲಿಗೆ ಬಂತು.

ಅದಕ್ಕೆ ಎರಡು ವರ್ಷ ಮೊದಲು ಮುಂಬೈನ ಸಿಪ್ಲಾ ಕಂಪನಿ, ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೆಲೆಯಿದ್ದ ಎಚ್‌ಐವಿ ಔಷಧಗಳನ್ನು 350 ಡಾಲರಿಗೆ ಕೊಡುವುದಾಗಿ ಇದೇ ಸಂಸ್ಥೆಗೆ ಹೇಳಿತ್ತು. ಬೆಲೆ ಇಳಿದರೂ ಅನುಮಾನ ಇಳಿದಿರಲಿಲ್ಲ. ಬಡ ಹಳ್ಳಿಗರು ಹೊತ್ತು ಹೊತ್ತಿಗೆ ಮಾತ್ರೆ ನುಂಗುತ್ತಾರೆಯೇ ಎಂದು ದೊಡ್ಡವರೇ ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿದ್ದ ತಾತ್ಸಾರ ಸಣ್ಣದಲ್ಲ. ಏಡ್ಸ್‌ಗೆ ಎಚ್‌ಐವಿ ಕಾರಣವೇ ಎಂಬುದನ್ನೇ ದಕ್ಷಿಣ ಆಫ್ರಿಕಾದ ಆಗಿನ ಅಧ್ಯಕ್ಷ ಥಾಬೊ ಎಂಬೆಕಿ ಶಂಕಿಸುತ್ತಿದ್ದರು.

ಲುಸಿಕಿಸಿಕಿಯಲ್ಲಿ ವೈದ್ಯರಿಗಾಗಿ ಕಾಯುತ್ತ ಕೂರಲಿಲ್ಲ. ಚಿಕಿತ್ಸೆಯ ಹೊಣೆ ಹೊತ್ತವರು ನರ್ಸುಗಳು. ಊರಿನವರೇ ಆಪ್ತಸಲಹೆಗಾರರಾದರು; ಅವರಲ್ಲಿ ಎಷ್ಟೋ ಮಂದಿ ಸ್ವತಃ ಸೋಂಕಿತರು. ಪ್ರತಿ ರೋಗಿಯ ಲೆಕ್ಕವನ್ನೂ ಬರೆದಿಟ್ಟರು: ಯಾರು ಔಷಧ ಆರಂಭಿಸಿದರು, ಯಾರು ಬರುವುದನ್ನು ಬಿಟ್ಟರು, ಯಾರು ತೀರಿಕೊಂಡರು. 2006ರಲ್ಲಿ ಕಾರ್ಯಕ್ರಮವನ್ನು ಸರ್ಕಾರಿ ಆರೋಗ್ಯ ಇಲಾಖೆಗೆ ಒಪ್ಪಿಸುವ ಹೊತ್ತಿಗೆ ಸುಮಾರು 2,200 ಮಂದಿ ಚಿಕಿತ್ಸೆಯಲ್ಲಿದ್ದರು. ಒಂದು ವರ್ಷದೊಳಗೆ ಸಂಪರ್ಕ ತಪ್ಪಿದವರು ಆಸ್ಪತ್ರೆಯಲ್ಲಿ ಶೇ. 19ರಷ್ಟಿದ್ದರೆ, ಹಳ್ಳಿಯ ಚಿಕಿತ್ಸಾಲಯಗಳಲ್ಲಿ ಶೇ. 2ರಷ್ಟು ಮಾತ್ರ. ಮನೆಗೆ ಹತ್ತಿರವಿದ್ದ, ಮುಖಪರಿಚಯದ ನರ್ಸು ಇದ್ದ ಕಡೆ ಜನ ಚಿಕಿತ್ಸೆಯನ್ನು ಕೈಬಿಡಲಿಲ್ಲ.

ಅಂಕಿಗಳು ಹೇಳದ್ದನ್ನು ಹೇಳಲು ಕತೆಗಾರ ಬೇಕಾಯಿತು. ಲೇಖಕ ಜಾನಿ ಸ್ಟೈನ್‌ಬರ್ಗ್ ಇಲ್ಲಿ ಓಡಾಡಿ ಬರೆದ ಪುಸ್ತಕ 2008ರಲ್ಲಿ ಹೊರಬಂತು. ಚಿಕಿತ್ಸೆ ಕೈಗೆಟಕುವಂತಿದ್ದರೂ ರಕ್ತಪರೀಕ್ಷೆಗೆ ಒಪ್ಪದ ಒಬ್ಬ ಯುವ ಅಂಗಡಿಕಾರ ಅದರ ಕೇಂದ್ರ. ಪರೀಕ್ಷೆಯ ದಿನ ಜನ ದೂರದಿಂದ ನೋಡುತ್ತಿದ್ದರು: ಸಲಹೆಗಾರರ ಬಳಿಯಿಂದ ಬೇಗ ಹೊರಬಂದವನಿಗೆ ಸೋಂಕಿಲ್ಲ, ತಡವಾದರೆ ಇದೆ. ಗುಟ್ಟು ಕಾಯುವ ವ್ಯವಸ್ಥೆಯನ್ನು ಊರಿನ ಕಣ್ಣು ಹೀಗೆ ಸೀಳಿತ್ತು. ಪುಸ್ತಕದಲ್ಲಿ ಸ್ಟೈನ್‌ಬರ್ಗ್ ಆ ಯುವಕನ ಹೆಸರನ್ನೂ ಹಳ್ಳಿಯ ಹೆಸರನ್ನೂ ಬದಲಿಸಿದರು. ಸೋಂಕಿತರ ಬಗ್ಗೆ ಬರೆಯುವ ಯಾರಿಗಾದರೂ ಇಷ್ಟು ಎಚ್ಚರ ಬೇಕೇ ಬೇಕು.

ನರ್ಸುಗಳೇ ಎಚ್‌ಐವಿ ಚಿಕಿತ್ಸೆ ಆರಂಭಿಸುವುದಕ್ಕೆ ದಕ್ಷಿಣ ಆಫ್ರಿಕಾ ಸರ್ಕಾರ 2010ರಲ್ಲಿ ದೇಶದಾದ್ಯಂತ ಅವಕಾಶ ಕೊಟ್ಟಿತು. ಆ ಹೊತ್ತಿಗೆ ಲುಸಿಕಿಸಿಕಿಯಲ್ಲಿ ಆ ಪದ್ಧತಿ ವರ್ಷಗಳಷ್ಟು ಹಳೆಯದಾಗಿತ್ತು.