ನೊಗ ಬಿಟ್ಟು ಕೊಂಡಿಗೆ ಬಿದ್ದ ಗಾಡಿ

ದಾವಣಗೆರೆ ಜಿಲ್ಲೆಯ ಸಾಸ್ವೆಹಳ್ಳಿ ಕಡೆ ‘ಟೇಲರ್ ತಗೊಂಡು ಬಾ’ ಅಂದರೆ ಬಟ್ಟೆ ಹೊಲಿಯುವವನನ್ನು ಕರೆತರಲು ಹೊರಡಬೇಡಿ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರ್ ನಾಲಿಗೆಯ ಮೇಲೆ ಸವೆದು ಟೇಲರ್ ಆಗಿದೆ. ಕೆಲವರ ಬಾಯಲ್ಲಿ ಅದು ಬರೀ ಡಬ್ಬಿ. ಭತ್ತದ ಕೊಯ್ಲಿನಲ್ಲಿ ಯಂತ್ರ ಬದುವಿನವರೆಗೆ ಬಂದು ಕಾಳನ್ನು ನೇರವಾಗಿ ಡಬ್ಬಿಗೆ ಸುರಿಯುತ್ತದೆ. ಅದಕ್ಕೂ ಮೊದಲು ಹಿಂಬಾಗಿಲ ಸಂದಿಗೆ ಹಳೇ ಗೋಣಿ ತುರುಕುವ ಕೆಲಸ ಮನೆಯ ಹುಡುಗನದು. ಮರೆತನೋ, ಗದ್ದೆಯಿಂದ ಮನೆವರೆಗೆ ರಸ್ತೆ ಮೇಲೆ ಕಾಳಿನ ಗೆರೆ, ಅದರ ಹಿಂದೆ ಕೋಳಿ ಸಾಲು.

ಆ ಸಂದಿಗೂ ಒಂದು ಚರಿತ್ರೆಯಿದೆ. ಭತ್ತ ಚೀಲದಲ್ಲಿ ಹೋಗುತ್ತಿದ್ದ ಕಾಲದಲ್ಲಿ ಬಾಗಿಲು ಬಿಗಿಯಾಗಿ ಕೂರಬೇಕಾದ ಅಗತ್ಯ ಇರಲಿಲ್ಲ. ಕೊಯ್ಲಿನ ಯಂತ್ರ ಬಂತು, ಚೀಲ ಹೋಯಿತು, ಬಾಗಿಲು ಮಾತ್ರ ಹಾಗೇ ಉಳಿಯಿತು.

ಈ ಸೀಮೆಗೆ ಹೊರೆ ಸಾಗಿಸುವುದು ಹೊಸದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಊರು. ಅವರ ಬಂಜಾರ ಜನ ಗಾಡಿಯನ್ನೇ ಕಟ್ಟದೆ ಸಾವಿರಾರು ಎತ್ತುಗಳ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತಿದವರು. ದಂಡಿಗೆ ಧಾನ್ಯ ಒದಗಿಸಿದವರೂ ಅವರೇ. ಫಿರಂಗಿ ಎಳೆಯಲು ಮೈಸೂರಿನ ಅರಸರು ಸಾಕಿದ್ದು ಬೇರೆ ತಳಿ. ಅದಕ್ಕೆಂದೇ ಇದ್ದ, ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಗೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಆ ತಳಿಯ ಸಂವರ್ಧನಾ ಕೇಂದ್ರ ಇವತ್ತಿಗೂ ಪಕ್ಕದ ಅಜ್ಜಂಪುರದಲ್ಲಿದೆ.

ರಸ್ತೆಯಾದ ಮೇಲೆ ಗಾಡಿಯ ಕಾಲ. ಗಾಡಿ ಹೂಡುವವರ ಬಾಯಲ್ಲಿ ಎರಡು ಮಾತಿದ್ದವು: ಮುಂಭಾರ, ಹಿಂಭಾರ. ಚೀಲಗಳನ್ನು ಗಾಡಿಯ ಮುಂತುದಿ, ಅಂದರೆ ಮೂಗಿನ ಕಡೆ ಜಾಸ್ತಿ ಹೇರಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೇರಿದರೆ ಮೂಗು ಮೇಲೆದ್ದು ಜೊತ್ತಿಗೆಯ ಪಟ್ಟಿ ಕೊರಳನ್ನು ಬಿಗಿಯುತ್ತದೆ. ಹೇರುವವನು ಅಚ್ಚಿನ ಹಿಂದೆ ಮುಂದೆ ಒಂದೊಂದು ಚೀಲ ಸರಿಸುತ್ತಾ, ನೊಗ ಕೈಯಲ್ಲಿ ಎತ್ತಿ ತೂಗಿ ನೋಡುತ್ತಿದ್ದ. ತಕ್ಕಡಿ ಇಲ್ಲದ ತೂಕ ಅದು. ಟ್ರೇಲರ್ ಕೊಳ್ಳಲು ಹೊರಟವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ ಅನ್ನುವುದು ನನ್ನ ನಂಬಿಕೆ.

ಮರದ ಗಾಲಿಗೆ ಕಬ್ಬಿಣದ ಪಟ್ಟಿ ಇದ್ದ ಗಾಡಿ ರಸ್ತೆಯನ್ನೂ ಸೀಳುತ್ತಿತ್ತು, ಎತ್ತನ್ನೂ ಸವೆಸುತ್ತಿತ್ತು. ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಮ್ಯಾನೇಜ್‌ಮೆಂಟ್ ಪಾಠದ ನಡುವೆ ಎತ್ತಿನ ಗಾಡಿಯ ಸುಧಾರಣೆಯ ಬೆನ್ನು ಹತ್ತಿದ್ದು ಇದಕ್ಕೇ. ಆ ಹೊತ್ತಿಗೆ ಟೈರಿನ ಗಾಡಿಯೂ ಬಂದಿತ್ತು, ಅದು ಯಾರದೇ ಟೈರಾದರೂ ಜನರ ಬಾಯಲ್ಲಿ ‘ಡನ್ಲಪ್ ಗಾಡಿ’ಯೇ. ನನ್ನ ಕಣ್ಣಿಗೆ ಟ್ರೇಲರಿನ ತಾಯಿ ಈ ಡನ್ಲಪ್ ಗಾಡಿ: ಕಬ್ಬಿಣದ ಅಚ್ಚು, ಗಾಳಿ ತುಂಬಿದ ಟೈರು. ನೊಗ ಕಳಚಿ ಕೊಂಡಿ ಹಾಕುವುದಷ್ಟೇ ಬಾಕಿ ಇತ್ತು.

ಕೊಂಡಿ ಹಾಕಿಸಿದ್ದು ಭದ್ರೆಯ ನೀರು. ಲಕ್ಕವಳ್ಳಿಯ ಅಣೆಕಟ್ಟೆಯಿಂದ ನಾಲೆ ಬಂದಲ್ಲೆಲ್ಲ ಎರಡು ಬೆಳೆ ಭತ್ತ ಬಂತು, ಆಮೇಲೆ ಅಡಿಕೆ ಬಂತು. ಇತ್ತ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್‌ನಿಂದ ಶುರುವಾಯಿತು. ಎಚ್‌ಎಂಟಿ ಟ್ರ್ಯಾಕ್ಟರ್ 1971ರಲ್ಲಿ ಬಂತು. ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿದ ವಿಎಸ್‌ಟಿ ಕಂಪನಿಯ ಪವರ್ ಟಿಲ್ಲರ್ ಸಣ್ಣ ಗದ್ದೆಗೂ ತೋಟಕ್ಕೂ ಇಳಿಯಿತು. ಉಳುಮೆಗೆಂದು ತಂದ ಯಂತ್ರ ವರ್ಷದಲ್ಲಿ ಉತ್ತಿದ್ದು ಕೆಲವೇ ವಾರ. ಉಳಿದ ದಿನವೆಲ್ಲ ಗೊಬ್ಬರ, ಇಟ್ಟಿಗೆ, ಹುಲ್ಲು, ತೋಟಕ್ಕೆ ಹೊಡೆಸುವ ಕೆರೆಗೋಡು ಮಣ್ಣು, ಕೊನೆಗೆ ಮದುವೆ ದಿಬ್ಬಣ. ಸಾಲದ ಕಂತು ಕಟ್ಟಿದ್ದು ಬಹುಪಾಲು ಡಬ್ಬಿಯೇ.

ಟ್ರ್ಯಾಕ್ಟರ್ ಕಂಪನಿಯ ಶೆಡ್ಡಿನಿಂದ ಬಂದರೆ, ಟ್ರೇಲರ್ ಹುಟ್ಟುವುದು ರಸ್ತೆ ಬದಿಯ ವೆಲ್ಡಿಂಗ್ ಶಾಪಿನಲ್ಲಿ. ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಕೊಳ್ಳುವವರು ಮೊದಲು ಕೇಳುವುದು ‘ಎಷ್ಟು ಟನ್?’ ಅಂತ. ಕೇಳಬೇಕಾದದ್ದು ‘ಏನು ಹೇರುತ್ತೇನೆ?’ ಎಂಬುದು. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಡಬ್ಬಿ ಅಂದರೆ 120 ಘನ ಅಡಿ. ಸಮವಾಗಿ ಭತ್ತ ತುಂಬಿದರೆ ಸುಮಾರು 2 ಟನ್. ಅದೇ ಡಬ್ಬಿಗೆ ಹೊಳೆಯ ಹಸಿ ಮರಳು ತುಂಬಿದರೆ 6 ಟನ್! ಭತ್ತಕ್ಕೆ ಸಾಕಾದ ಅಚ್ಚು ಮರಳಿಗೆ ಬಾಗುತ್ತದೆ. ಹಾಗಂತ ಕಬ್ಬಿಣ ಸುಮ್ಮನೆ ಸುರಿದರೂ ಗಟ್ಟಿಯಾಗದು. ಖಾಲಿ ತೂಕ ಹೋಗುವಾಗಲೂ ಬರುವಾಗಲೂ ಡೀಸೆಲ್ ಕುಡಿಯುತ್ತದೆ, ಹಸಿ ಗದ್ದೆಯಲ್ಲಿ ಹೂತು ಕೂರುತ್ತದೆ. ದಪ್ಪ ತಗಡು ತಳಕ್ಕೆ ಬೇಕು. ಪಕ್ಕಕ್ಕೆ ಅಷ್ಟು ಬೇಡ.

ಎರಡು ಗಾಲಿಯೋ ನಾಲ್ಕೋ ಎಂಬ ಚರ್ಚೆಯಲ್ಲಿ ಗಾಡಿಯವರ ಮಾತು ಮತ್ತೆ ಬರುತ್ತದೆ. ನಾಲ್ಕು ಗಾಲಿಯದು ತನ್ನ ಭಾರ ತಾನೇ ಹೊರುತ್ತದೆ, ಟ್ರ್ಯಾಕ್ಟರಿನ ಮೇಲೆ ಹಾಕದು. ಗಟ್ಟಿ ರಸ್ತೆಗೆ ಒಳ್ಳೆಯದು. ಎರಡು ಗಾಲಿಯದು ಹೊರೆಯ ಹತ್ತರಲ್ಲಿ ಒಂದೆರಡು ಪಾಲನ್ನು ಕೊಂಡಿಯ ಮೇಲೆ ಒರಗಿಸುತ್ತದೆ. ಆ ಭಾರಕ್ಕೇ ಟ್ರ್ಯಾಕ್ಟರಿನ ಹಿಂಗಾಲಿ ಕೆಸರನ್ನು ಕಚ್ಚಿ ಹಿಡಿಯುವುದು. ಹಿಂಭಾರವಾದರೆ ಕೊಂಡಿ ಮೇಲೆದ್ದು ಗಾಲಿ ನಿಂತಲ್ಲೇ ಸುತ್ತುತ್ತದೆ. ಮುಂಭಾರ ಮಿತಿಮೀರಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿಯೇ ಎದ್ದು ಸ್ಟೇರಿಂಗ್ ಕೈಗೆ ಸಿಗದು. ಎತ್ತಾದರೆ ಬುಸುಗುಟ್ಟಿ ಹೇಳುತ್ತಿತ್ತು. ಯಂತ್ರ ಹೇಳುವುದಿಲ್ಲ. ನಾಲೆ ಬಯಲಿನ ಗದ್ದೆ, ತೋಟಕ್ಕೆ ನನ್ನ ಓಟು ಎರಡು ಗಾಲಿಗೇ.

ಸೆಕೆಂಡ್ ಹ್ಯಾಂಡ್ ನೋಡುವವರು ಹೊಸ ಬಣ್ಣಕ್ಕೆ ಮರುಳಾಗಬೇಡಿ, ಬಗ್ಗಿ ನೋಡಿ. ಮೂಗಿನ ಚಾನೆಲ್ ಚಾಸಿಗೆ ಸೇರುವ ಮೂಲೆಯಲ್ಲಿ ಬೆಸುಗೆ ಬಿರುಕು ಬಿಡುತ್ತದೆ. ಕೊಂಡಿಯ ದುಂಡು ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದು ಹೊತ್ತ ಹೊರೆಯೆಲ್ಲ ಅಲ್ಲೇ ಬರೆದಿದೆ. ಪಿನ್ನಿಗೆ ಕ್ಲಿಪ್ಪಿನ ಬದಲು ತಂತಿ ಸುತ್ತಿದ್ದರೆ ಮಾಲೀಕನ ಸ್ವಭಾವವೂ ತಿಳಿಯಿತು. ಖಾಲಿ ಟ್ರೇಲರನ್ನು ವೇಬ್ರಿಡ್ಜಿಗೆ ಹತ್ತಿಸಿ. ಹೇಳಿದಷ್ಟು ಕಬ್ಬಿಣ ಇದೆಯೋ ಇಲ್ಲವೋ ಚೀಟಿಯೇ ಹೇಳುತ್ತದೆ.

ಕಾಗದವನ್ನೂ ಮರೆಯಬಾರದು. ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರ್ಯಾಕ್ಟರ್ ತಾನಾಗಿ ಹೊರೆ ಹೊರುವ ವಾಹನವಲ್ಲ, ಟ್ರೇಲರ್ ಬೇರೆಯದೇ ವಾಹನ. ಅದಕ್ಕೆ ಅದರದೇ ನೋಂದಣಿ ಬೇಕು. ನಂಬರನ್ನೂ ನೋಡಿ: ಈ ಸೀಮೆಯ ಹೊನ್ನಾಳಿ, ಚನ್ನಗಿರಿ 1997ರಲ್ಲಿ ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಸೇರಿದವು. ಅದಕ್ಕೂ ಹಳೆಯ ಡಬ್ಬಿಯಾದರೆ ಬೆನ್ನ ಮೇಲೆ ದಾವಣಗೆರೆಯ ಕೆಎ 17ರ ಬದಲು ಶಿವಮೊಗ್ಗದ ಕೆಎ 14 ಇದ್ದೀತು. ನಂಬರಿನ ಪಕ್ಕ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಕೆಲವೇ ರೂಪಾಯಿ. ರಾತ್ರಿ ದೀಪವಿಲ್ಲದೆ ನಿಂತ ಟ್ರೇಲರಿಗೆ ಬೈಕು ಬಡಿದ ಸುದ್ದಿ ಓದಿ ಓದಿ ಸಾಕಾಗಿದೆ.

ಕಡೆಗೆ, ದುಡ್ಡು ಎಣಿಸುವ ಮೊದಲು ಎರಡು ಗಾಲಿಯ ಖಾಲಿ ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಹಳೇ ಗಾಡಿಯವರಂತೆ ಮೂಗು ಹಿಡಿದು ಎತ್ತಿ ನೋಡಿ. ಜೊತೆಗೊಬ್ಬರಿರಲಿ. ಭಾರ ಕೈಗೆ ತಾಗಬೇಕು. ಒಂಟಿ ಕೈಯಲ್ಲೇ ಸಲೀಸಾಗಿ ಎದ್ದು ಬಂತೋ, ಬೇರೆ ಶಾಪು ನೋಡಿ.